ಬೇಳೆ ಬೇಯುವ ನೀರು

ಅವರು ಯಾರನ್ನಾದರೂ ತಿರುಗಿ ನೋಡಬೇಕಾದರೆ ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಕಲ್ಯಾಣದುರ್ಗದ ನಮ್ಮ ಬೀದಿಯಲ್ಲಿ ಅವರದು ದಿನಸಿ ಅಂಗಡಿ. ಎಡಗಡೆಯಿಂದ ಯಾರಾದರೂ ಕೂಗಿದರೆ ಭುಜ, ಸೊಂಟ, ಮಂಡಿ ಎಲ್ಲವನ್ನೂ ಸೇರಿಸಿಕೊಂಡು, ಇಕ್ಕಟ್ಟಿನ ಓಣಿಯಲ್ಲಿ ಗಾಡಿ ತಿರುಗಿಸುವ ಹಾಗೆ, ನಿಧಾನವಾಗಿ ಅತ್ತ ತಿರುಗುವರು. ನಾವೆಲ್ಲ ಅದನ್ನು ಅವರ ಗಾಂಭೀರ್ಯ ಎಂದುಕೊಂಡಿದ್ದೆವು. ಅದು ಕಾಯಿಲೆ ಎಂದು ಮೊದಲು ಅರಿತವರು ಅವರೇ. ಅರಿತದ್ದು ಒಂದು ಹರಿದ ಪತ್ರಿಕೆಯಿಂದ.

ಹೋದ ತಿಂಗಳು ಅವರು ತೀರಿಕೊಂಡರೆಂದು ಹಿಂದೂಪುರಕ್ಕೆ ನನಗೆ ಕಾರ್ಡು ಬಂತು. ನಾನು ಇಲ್ಲಿ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟರು. ಕಣ್ಣಾರೆ ಕಂಡೆ ಎನ್ನುವವನ ಮಾತನ್ನು ಮೊದಲು ಅನುಮಾನಿಸಬೇಕೆಂದು ಕಾಲೇಜಿನಲ್ಲಿ ಕಲಿತವನು, ಮಕ್ಕಳಿಗೂ ಅದನ್ನೇ ಕಲಿಸುವವನು. ಕಾರ್ಡು ಬಂದ ದಿನ ನನ್ನ ಹಳೆಯ ದಿನಚರಿಗಳನ್ನು ಪೆಟ್ಟಿಗೆಯಿಂದ ತೆಗೆದು ಓದಿದೆ. ಅವರ ಬಗ್ಗೆ ನನ್ನ ನೆನಪು ಹೇಳುವುದಕ್ಕೂ ದಿನಚರಿ ಹೇಳುವುದಕ್ಕೂ ಒಂದು ಕಡೆ ಹೊಂದಿಕೆಯಾಗುವುದಿಲ್ಲ. ಆ ಒಂದು ಕಡೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಊರಿನವರಿಗೆ ಅವರು ಸೆಟ್ಟರು, ನನಗೆ ಮಾವ. ರಕ್ತಸಂಬಂಧವೇನೂ ಇರಲಿಲ್ಲ, ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ತಿಂಗಳಿಗೊಮ್ಮೆ ಅವರು ಹಿಂದೂಪುರಕ್ಕೆ ಬಂದು ಬೆಲ್ಲ, ಹುಣಸೆಹಣ್ಣು ಕೊಳ್ಳುತ್ತಿದ್ದರು. ಜೊತೆಗೆ ಸಾಮಾನು ಕಟ್ಟಲು ಹಳೇ ಪತ್ರಿಕೆಗಳ ಒಂದು ಹೊರೆ. ಬೆಂಗಳೂರಿನ ಕನ್ನಡ ಪತ್ರಿಕೆ, ಮದರಾಸಿನ ತೆಲುಗು ಪತ್ರಿಕೆ, ಎಲ್ಲ ಕಲಸಿ ಹೋಗಿರುತ್ತಿದ್ದವು. ಬೇರೆ ಅಂಗಡಿಯವರು ಅದನ್ನು ಹರಿದು ಪೊಟ್ಟಣ ಕಟ್ಟಿದರೆ ಇವರು ಓದಿ ಹರಿಯುತ್ತಿದ್ದರು. ಅದರಲ್ಲೂ ಆರೋಗ್ಯದ ಸುದ್ದಿ ಸಿಕ್ಕಿತೆಂದರೆ ಗಿರಾಕಿ ನಿಂತಿದ್ದರೂ ಲೆಕ್ಕವಿಲ್ಲ. ಯುದ್ಧದ ಸುದ್ದಿ ಹಳತಾಗುತ್ತದೆ, ಹೊಟ್ಟೆಯ ಸುದ್ದಿ ಓದಿದ ದಿನವೇ ಹೊಸದು ಎಂದು ಅವರ ಎಣಿಕೆ.

"ಪೇಪರ್‌ಲೋ ಏಮುಂದಿ ಮಾವಾ?" ಎಂದು ತೆಲುಗಿನಲ್ಲಿ ಕೇಳಿಕೊಂಡೇ ಜನ ಅಂಗಡಿ ಹತ್ತುತ್ತಿದ್ದರು. ಪತ್ರಿಕೆಯಲ್ಲಿ ಏನಿದೆ ಎಂದು ತಿಳಿಯುವ ಆಸೆಗಿಂತ, ಅವರನ್ನು ಕೆಣಕಿ ಮಾತಿಗೆಳೆಯುವ ಆಸೆ ಹೆಚ್ಚು.

"ಪಾಲೀಸ್ ಮಾಡಿದ ಅಕ್ಕಿ ತಿಂದ್ರೆ ನರ ಸೋತು ಹೋಯ್ತವಂತೆ ಕಣಪ್ಪ. ತೌಡಲ್ಲೇ ಸತ್ವ ಐತಂತೆ. ದೊಡ್ಡ ದೊಡ್ಡ ಡಾಕ್ಟ್ರು ಕಂಡು ಹಿಡಿದವ್ರೆ."

"ಹಂಗಾರೆ ನಿನ್ನ ಅಂಗಡೀಲಿರೋದು ಯಾವ ಅಕ್ಕಿ ಮಾವ?"

"ಪಾಲೀಸಿಂದು. ಅದಕ್ಕೇ ಹೇಳ್ತಾ ಇರೋದು, ತಗಾಬ್ಯಾಡ. ರಾಗಿ ತಗಂಡೋಗು. ಮುದ್ದೆ ತಿನ್ನೋ ನಮಗೆ ಡಾಕ್ಟ್ರು ಈಗ ಸರ್ಟಿಫಿಕೇಟು ಕೊಟ್ಟವ್ರೆ."

ಒಳಗಿನಿಂದ ಅವರ ಹೆಂಡತಿ, ನಾನು ಅತ್ತೆ ಎಂದು ಕರೆಯುತ್ತಿದ್ದವರು, ಕೂಗಿ ಹೇಳುವರು: "ಅಂಗಡಿ ಇಟ್ಟೀರೋ, ಆಸ್ಪತ್ರೆ ಇಟ್ಟೀರೋ? ಒಂದು ತೀರ್ಮಾನ ಮಾಡಿ, ನಾನೂ ಒಲೆ ಹಚ್ಚಬೇಕು."

ಹಾಗೆಂದು ಓದಿದ್ದನ್ನೆಲ್ಲ ನಂಬುವವರಲ್ಲ ಅವರು. ಕತ್ತರಿಸಿದ ಸುದ್ದಿಯನ್ನು ಗಲ್ಲಾಪೆಟ್ಟಿಗೆಯ ಮೇಲಿನ ಕೊಕ್ಕೆ ತಂತಿಗೆ ಸಿಕ್ಕಿಸಿ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಬಿಡುತ್ತಿದ್ದರು. ಅಷ್ಟರಲ್ಲಿ ಊರಿನಲ್ಲಿ ಆ ಮಾತಿಗೆ ಹೊಂದುವ ಮೂರು ಜನ ಕಣ್ಣಿಗೆ ಬೀಳಬೇಕು. ಬಿದ್ದರೆ ಸುದ್ದಿ ಪೆಟ್ಟಿಗೆಯೊಳಕ್ಕೆ. ಬೀಳದಿದ್ದರೆ ಅದರಲ್ಲಿ ಕಡಲೆಪಪ್ಪು ಕಟ್ಟಿ ಯಾರಿಗೋ ಕೊಡುವರು. ಒಮ್ಮೆ ಒಂದು ಪತ್ರಿಕೆ ಕಾಫಿ ಗುಂಡಿಗೆಗೆ ಕೆಟ್ಟದ್ದೆಂದಿತು, ಇನ್ನೊಂದು ಅದೇ ಕಾಫಿ ಮೆದುಳಿಗೆ ಒಳ್ಳೆಯದೆಂದಿತು. ಅವರು ಎರಡನ್ನೂ ಒಂದೇ ಕೊಕ್ಕೆಗೆ ಹಾಕಿದರು. "ಎರಡೂ ಕಿತ್ತಾಡ್ಕಂಡು ಯಾವುದು ಉಳೀತದೋ ನೋಡನ" ಎಂದು ತೀರ್ಪು ಬರುವ ತನಕ ಅರ್ಧ ಲೋಟ ಕುಡಿದರು. ಇಂದು ಪತ್ರಿಕೆಗಳಲ್ಲಿ ದಿನಕ್ಕೊಂದು ಹೊಸ ಔಷಧಿಯ ಹೆಸರು ಬರುತ್ತದೆ. ಒಂದೊಂದನ್ನು ಓದುವಾಗಲೂ ನನಗೆ ಆ ಕೊಕ್ಕೆಯ ನೆನಪಾಗುತ್ತದೆ. ಅಷ್ಟು ತಾಳ್ಮೆಯ ಓದುಗನನ್ನು ನಾನು ಕಾಲೇಜಿನಲ್ಲೂ ಕಂಡಿಲ್ಲ.

ಈಗ ನಮ್ಮ ಬೀದಿಯ ಬಾವಿಯ ವಿಷಯ ಹೇಳಬೇಕು. ಅದನ್ನು ತೋಡಿಸಿದವರು ಅವರ ತಂದೆ, ಧರ್ಮಕ್ಕೆಂದು. ನಮ್ಮ ಕಡೆ ನೀರಿನ ಗುಣ ನೋಡುವುದು ಬೇಳೆಯಿಂದ. ತೊಗರಿಬೇಳೆ ಬೇಗ ಬೆಂದರೆ ಒಳ್ಳೆಯ ನೀರು, ಬೇಯದೆ ಕಾಳು ಕಾಳಾಗಿ ಉಳಿದರೆ ಕೆಟ್ಟ ನೀರು. ಹೆಣ್ಣು ಕೊಡಲು ಬಂದವರು ಗಂಡಿನ ಗುಣಕ್ಕಿಂತ ಮೊದಲು "ನಿಮ್ಮ ಬೀದಿ ನೀರಲ್ಲಿ ಬೇಳೆ ಬೇಯ್ತದಾ?" ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ನಮ್ಮ ಬಾವಿಯ ನೀರಿನಲ್ಲಿ ಬೇಳೆ ಬೆಣ್ಣೆಯಾಗುತ್ತಿತ್ತು. ಸೋಪು ಹಚ್ಚಿದರೆ ನೊರೆ ಉಕ್ಕುತ್ತಿತ್ತು. ಬೇರೆ ಬೀದಿಯವರೂ ಬಂದು ಒಯ್ಯುತ್ತಿದ್ದರು.

ಊರ ಹೊರಗಿನ ಕೇರಿಯವರು ಮಾತ್ರ ಅದನ್ನು ಮುಟ್ಟುವ ಹಾಗಿರಲಿಲ್ಲ. ಅವರು ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು, ನಮ್ಮವರು ಯಾರಾದರೂ ಸೇದಿ ಮೇಲಿನಿಂದ ಸುರಿಯಬೇಕು. ಸುರಿಯುವವರಿಗೆ ಪುರಸೊತ್ತಾಗುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಕಾದು ಕಾದು ಸಾಕಾಗಿ ಅವರು ಗುಡ್ಡದ ಬುಡದಲ್ಲಿ ತಾವೇ ಒಂದು ಬಾವಿ ತೋಡಿಕೊಂಡರು. ಅದು ಗಡಸು ನೀರು. ಬೇಳೆ ಬೇಯುವುದಿಲ್ಲ, ಸೋಪು ಕರಗುವುದಿಲ್ಲ. ನಮ್ಮ ಬೀದಿಯವರು ಅದನ್ನು ಕಲ್ಲುಬಾವಿ ಎಂದು ಹಾಸ್ಯ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ.

ನಾನು ಬೆಂಗಳೂರಿನಲ್ಲಿ ಓದುತ್ತಿದ್ದ ಕೊನೆಯ ವರ್ಷ, ರಜೆಗೆ ಊರಿಗೆ ಬಂದಾಗ, ಮಾವ ನನ್ನನ್ನು ಅಂಗಡಿಗೆ ಕರೆದು ಒಂದು ತುಂಡು ಕಾಗದ ಕೈಗಿಟ್ಟರು. ತೆಲುಗು ಪತ್ರಿಕೆಯದು, ಕೆಳಗಿನ ಅರ್ಧ ಹರಿದುಹೋಗಿತ್ತು. ಕೆಲವು ಬಾವಿಗಳ ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಲವಣ ಇರುತ್ತದೆ. ಎಳೆಯ ವಯಸ್ಸಿನಿಂದ ಅದನ್ನು ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಬಹಳ ಕಾಲ ಕುಡಿದವರ ಬೆನ್ನು, ಕತ್ತು ಬಿಗಿದುಕೊಳ್ಳುತ್ತದೆ. ಅಷ್ಟಿತ್ತು. ಆ ಲವಣದ ಹೆಸರು, ಅದಕ್ಕೆ ಪರಿಹಾರ, ಎಲ್ಲ ಹರಿದ ಭಾಗದ ಜೊತೆ ಹೋಗಿತ್ತು.

"ನನ್ನ ಕತ್ತು ನೋಡು" ಎಂದರು. "ಇದು ಒಂದು. ಈ ಬೀದೀಲಿ ನನ್ನ ವಾರಿಗೆಯೋರು ಇನ್ನೂ ನಾಲ್ಕೈದು ಜನ ಹಿಂಗೇ ಅವ್ರೆ. ಇನ್ನು ಹಲ್ಲಿಗೆ ಬಾ."

ಒಂದು ಮಂಡಲದಿಂದ ಅವರು ಊರಿನವರ ಹಲ್ಲು ನೋಡುತ್ತಿದ್ದರಂತೆ. ಅಂಗಡಿಗೆ ಬಂದ ಮಕ್ಕಳಿಗೆಲ್ಲ "ಈ ಅನ್ನು, ಬೆಲ್ಲ ಕೊಡ್ತೀನಿ" ಎನ್ನುವರು. ಕಂಡದ್ದು ಇಷ್ಟು: ಬ್ರಹ್ಮಸಮುದ್ರದಿಂದಲೋ ಸೆಟ್ಟೂರಿನಿಂದಲೋ ನಮ್ಮ ಬೀದಿಗೆ ಸೊಸೆಯರಾಗಿ ಬಂದವರ ಹಲ್ಲು ಬೆಳ್ಳಗಿದ್ದವು, ಅವರು ಇಲ್ಲಿ ಹೆತ್ತ ಮಕ್ಕಳ ಹಲ್ಲು ಕಂದಾಗಿದ್ದವು. ಕಲ್ಲುಬಾವಿ ನೀರು ಕುಡಿಯುವ ಹೊರಗಿನ ಕೇರಿಯ ಮಕ್ಕಳ ಹಲ್ಲು ಮಲ್ಲಿಗೆ ಮೊಗ್ಗಿನ ಹಾಗಿದ್ದವು.

"ನೀನು ನಗೋವಾಗ ಕೈ ಅಡ್ಡ ಇಟ್ಕಂತೀಯಲ್ಲಪ್ಪ, ಅದೂ ಇದೇ" ಎಂದರು. ಮೆಲ್ಲಗೇ ಹೇಳಿದರು. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ಹಾಸ್ಟೆಲಿನಲ್ಲಿ ನಾನು ಹಲ್ಲುಜ್ಜುವುದಿಲ್ಲವೆಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ಉಪ್ಪು, ಇದ್ದಿಲು, ಅಂಗಡಿಯ ಪುಡಿ, ಎಲ್ಲ ಹಾಕಿ ವಸಡಿನಲ್ಲಿ ರಕ್ತ ಬರುವ ತನಕ ತಿಕ್ಕಿದ್ದೆ. ಕಾಲೇಜಿನ ಗುಂಪು ಚಿತ್ರದಲ್ಲಿ ನಗದೆ ನಿಂತವನು ನಾನೊಬ್ಬನೇ.

ಆಗ ಅವರ ಮನೆಯಲ್ಲಿ ಮೊದಲ ಮೊಮ್ಮಗಳು, ಗಿರಿಜೆ. ಇನ್ನೂ ವರ್ಷ ತುಂಬಿರಲಿಲ್ಲ, ರಾಗಿ ಸರಿ ತಿನ್ನಿಸಲು ಆಗಷ್ಟೇ ಶುರು ಮಾಡಿದ್ದರು. "ಇದಕ್ಕೆ ಯಾವ ನೀರಲ್ಲಿ ಸರಿ ಕಾಯಿಸೋದು ಅಂತ ನನಗೆ ಗೊತ್ತಾಗಬೇಕು" ಎಂದರು ಮಾವ. "ನಮ್ಮಪ್ಪನ ಬಾವಿ ಕಣಪ್ಪ. ಸುಮ್ಮನೆ ಬಾಯಿಗೆ ಬಂದಂಗೆ ಅನ್ನಾಕಾಗಲ್ಲ. ನೀನು ಇಂಗ್ಲೀಷಲ್ಲಿ ಒಂದು ಕಾಗದ ಬರಿ. ಮದರಾಸಿನ ಸರ್ಕಾರಿ ಲ್ಯಾಬೊರೇಟರಿಗೆ ನೀರು ಕಳಿಸನ."

ಎರಡು ಸೀಸೆ ತೊಳೆದು, ನಮ್ಮ ಬಾವಿಯ ನೀರು ತುಂಬಿ, ಬಿರಡೆಗೆ ಅರಗು ಹಾಕಿ ಮುದ್ರೆ ಒತ್ತಿದ್ದು ಅವರು. ಕಾಗದ ಬರೆದದ್ದು ನಾನು. ಪೆಟ್ರೋಲು ಸಿಗದ ಯುದ್ಧಕಾಲ, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಹಿಂದೂಪುರದ ರೈಲಿನ ತನಕ ಹೋಗಿ ಪಾರ್ಸೆಲ್ ಮಾಡಿ ಬಂದದ್ದೂ ನಾನೇ.

ನನ್ನ ನೆನಪಿನಲ್ಲಿ ಆ ಕಾಗದ ಎರಡು ಪುಟದ್ದು. ಹಲ್ಲು, ಕತ್ತು, ಸೊಸೆಯರು, ಮಕ್ಕಳು, ಹೊರಗಿನ ಕೇರಿ, ಎಲ್ಲ ಅದರಲ್ಲಿತ್ತು. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ದಿನಚರಿಯಲ್ಲಿ ಆ ದಿನದ ಪುಟದಲ್ಲಿ ನನ್ನದೇ ಅಕ್ಷರ ಹೀಗಿದೆ: "ಮಾವನ ಕಾಗದ ಬರೆದೆ. ನಾಲ್ಕು ಸಾಲು. ನೀರು ಕುಡಿಯಲು ಯೋಗ್ಯವೇ ಎಂದು ಕೇಳಿದ್ದೇನೆ. ಹಲ್ಲಿನ ವಿಷಯ ಬಿಟ್ಟೆ. ಓದಿದವರು ನಗುತ್ತಾರೆ."

ಯಾರು ನಗುತ್ತಿದ್ದರು? ಎಲ್ಲೋ ಕೂತ ಒಬ್ಬ ಅಧಿಕಾರಿ ನನ್ನ ಮುಖವನ್ನೇ ಕಂಡಿರದೆ ನನ್ನ ಹಲ್ಲಿಗೆ ನಗುತ್ತಾನೆಂದು ಹೆದರಿದೆನೇ? ಹಾಗೆಯೇ ಇರಬೇಕು.

ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬಂತು. ನೀರಿನಲ್ಲಿ ರೋಗಾಣುಗಳಿಲ್ಲ, ಕುಡಿಯಲು ಯೋಗ್ಯ. ಬೀದಿಯವರು ಹಬ್ಬ ಮಾಡಿದರು. ಬಾವಿಯ ಕಟ್ಟೆ ತೊಳೆದು ವಿಭೂತಿ ಬಳಿದರು. ಒಬ್ಬರು ಆ ಉತ್ತರಕ್ಕೆ ಗಾಜಿನ ಕಟ್ಟು ಹಾಕಿಸಿ ತಂದು ಮಾವನ ಅಂಗಡಿಯ ಗೋಡೆಗೇ ಹೊಡೆದರು. "ಅಪ್ಪನ ಪುಣ್ಯಕ್ಕೆ ಸರ್ಕಾರದ ಸೀಲು ಬಿತ್ತು ನೋಡ್ರಿ ಸೆಟ್ರೇ, ಇನ್ನಾದರೂ ಮಕ್ಕಳ ಬಾಯಿಗೆ ಇಣುಕೋದು ಬಿಡ್ರಿ" ಎಂದು ನಕ್ಕರು.

ಎಲ್ಲರೂ ಹೋದ ಮೇಲೆ ಮಾವ ಮೈಯನ್ನು ನನ್ನ ಕಡೆ ತಿರುಗಿಸಿದರು. "ಹಲ್ಲಿನ ವಿಷಯ ಬರೆದಿದ್ಯೇನಪ್ಪ?"

"ಬರೆದಿದ್ದೆ ಮಾವ" ಎಂದೆ.

ಇದು ದಿನಚರಿಯಲ್ಲಿ ಇಲ್ಲ. ಆದರೆ ಇದು ನಡೆದದ್ದು ನಿಜ. ಮರೆಯಲು ಬೇಕಾದಷ್ಟು ಕಾರಣ ಇದ್ದೂ ಮರೆಯದೆ ಉಳಿದದ್ದನ್ನು ನಂಬಬಹುದೆಂದು ತೋರುತ್ತದೆ.

ಅವರು ಗೋಡೆಯ ಮೇಲಿನ ಆ ಕಟ್ಟಿನತ್ತ ಮೈ ತಿರುಗಿಸಿದರು. ಆಮೇಲೆ, "ದೊಡ್ಡೋರು ನೀರು ನೋಡವ್ರೆ. ಹಲ್ಲು ನೋಡಿಲ್ಲ" ಎಂದರು. ಅಷ್ಟೇ.

ಮಾರನೆಯ ಬೆಳಿಗ್ಗೆ ಹಿತ್ತಾಳೆ ಬಿಂದಿಗೆ ಹಿಡಿದು ಅವರು ಹೊರಗಿನ ಕೇರಿಗೆ ಹೋದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವರೇ ಎಷ್ಟೋ ಸಲ ನಗುತ್ತ ಹೇಳಿದ್ದರಿಂದ ಕಂಡ ಹಾಗೆಯೇ ಕಣ್ಣ ಮುಂದಿದೆ. ಕೇರಿಯ ಹನುಮಕ್ಕ ಎಂಬಾಕೆ, ನಮ್ಮ ಬಾವಿಯ ಹತ್ತಿರ ಎಷ್ಟೋ ಮಧ್ಯಾಹ್ನ ಕೊಡ ಇಟ್ಟುಕೊಂಡು ಕಾದವಳು, ಕಲ್ಲುಬಾವಿಯ ಕಟ್ಟೆಯ ಮೇಲಿದ್ದಳು.

"ಏನ್ರಯ್ಯ ಸೆಟ್ರೇ, ದಾರಿ ತಪ್ಪಿ ಬಂದ್ಬುಟ್ರಾ?"

"ಇಲ್ಲ ಕಣಮ್ಮ. ನೀರು ಬೇಕಾಗಿತ್ತು."

"ನಮ್ಮ ನೀರಾ? ಬೇಳೆ ಬೇಯಲ್ಲ ಅಂತ ನಿಮ್ಮ ಬೀದಿ ಹುಡುಗ್ರು ಹಾಡು ಕಟ್ಟವ್ರೆ."

"ಬೇಳೆಗಲ್ಲ. ಕೂಸಿಗೆ."

ಆಕೆ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳಂತೆ. ಮಾವ ಹಗ್ಗಕ್ಕೆ ಕೈ ಹಾಕಲು ಹೋದರು. "ಆಂ, ಅಲ್ಲೇ ನಿಲ್ರಿ" ಎಂದಳು. "ನಿಮ್ಮ ಬಿಂದಿಗೆ ನಮ್ಮ ಬಾವಿಗೆ ಇಳೀಬಾರ್ದು. ಕೆಳಗಿಡ್ರಿ. ನಾನು ಸೇದಿ ಹುಯ್ತೀನಿ." ಮಾವ ಬಿಂದಿಗೆ ಕೆಳಗಿಟ್ಟು ದೂರ ನಿಂತರು. ಆಕೆ ತನ್ನ ಕೊಡದಿಂದ, ಎಷ್ಟು ಎತ್ತರಕ್ಕೆ ಕೈ ಎತ್ತಲು ಆಗುತ್ತದೋ ಅಷ್ಟು ಎತ್ತರದಿಂದ ಸುರಿದಳು. ಅರ್ಧ ನೀರು ಅವರ ಪಂಚೆಯ ಮೇಲೆ. "ನಾನು ಕೇಳಾಕೆ ತಡ ಮಾಡಿದ್ದಕ್ಕೆ ಅಷ್ಟೂ ಹುಯ್ಯಬೇಕಾಗಿತ್ತು" ಎನ್ನುತ್ತಿದ್ದರು ಮಾವ.

ಮನೆಯಲ್ಲಿ ಅತ್ತೆ ಆ ನೀರನ್ನು ಅಡಿಗೆಮನೆಗೆ ಸೇರಿಸಲಿಲ್ಲ. ಮಾವ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಮಾಡಿ, ಮೊಮ್ಮಗಳ ಸರಿಯನ್ನು ತಾವೇ ಕಾಯಿಸಿದರು. ಬಗ್ಗಲಾರದ ಮನುಷ್ಯ, ಮಣೆಯ ಮೇಲೆ ಕೂತು ಊದುಗೊಳವೆ ಹಿಡಿದು ಊದುವುದನ್ನು ಬೀದಿಯ ಹೆಂಗಸರು ಗೋಡೆಯ ಮೇಲಿಂದ ನೋಡಿ ನಗುತ್ತಿದ್ದರು. ಹುಡುಗಿ ದೊಡ್ಡದಾದ ಹಾಗೆ ಅದರ ಕುಡಿಯುವ ನೀರು, ಅದರ ಮುದ್ದೆಯ ಎಸರು, ಎಲ್ಲ ಆ ಬಿಂದಿಗೆಯದೇ. ಕೇರಿಯ ನೀರು ಮನೆಗೆ ತರಬಾರದೆಂದು ಮಠದಿಂದ ಹೇಳಿಕೆ ಬಂತು, ಹೋಗಿ ಕೈಮುಗಿದು ಬಂದರು, ಮಾರನೆಯ ದಿನ ಮತ್ತೆ ಬಿಂದಿಗೆ ಹಿಡಿದರು. ಬೀದಿಯವರಿಗೂ ಹೇಳಿ ನೋಡಿದರು. "ನಿಮ್ಮ ಗೋಡೆ ಮೇಲಿನ ಕಾಗದ ನೀವೇ ಓದಲ್ವೇನ್ರಿ?" ಎಂದು ಬೀದಿಯವರು ತಿರುಗಿ ಕೇಳುವರು. ಅದಕ್ಕೆ ಮಾವ ಕೊಡಬಹುದಾಗಿದ್ದ ಉತ್ತರವನ್ನು ಕಿತ್ತುಕೊಂಡವನು ನಾನು. ನಾನಾಗ ಹಿಂದೂಪುರದಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಲ್ಲ ಕೊಳ್ಳಲು ಬಂದಾಗ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದರು. ಎಲ್ಲ ಮಾತೂ ಆಡಿದರು, ಆ ಮಾತು ಮಾತ್ರ ಎತ್ತಲಿಲ್ಲ.

ಕೊನೆಯ ಆರು ವರ್ಷ ಅವರ ಮಂಡಿಗಳೂ ಬಿಗಿದು ಹಾಸಿಗೆ ಹಿಡಿದರು. ನೀರು ತರುವವರಿಲ್ಲದೆ ಹಿತ್ತಲ ಒಲೆ ಆರಿತು.

ಹನ್ನೊಂದನೆಯ ದಿನದ ಆರಾಧನೆಗೆ ಹೋಗಿದ್ದೆ. ಊಟವಾಗಿ ಜನ ಕರಗಿದ್ದರು. ನಡುಮನೆಯಲ್ಲಿ ಅತ್ತೆ, ಸೊಸೆ, ಕಾಗದಕ್ಕೆ ಕಟ್ಟು ಹಾಕಿಸಿದ್ದ ಆ ಹಿರಿಯರು, ನಾನು. ಗಿರಿಜೆ ನನಗೆ ಮಜ್ಜಿಗೆ ತಂದುಕೊಟ್ಟಳು. ಹನ್ನೊಂದು ವರ್ಷದ ಹುಡುಗಿ. ಏನೋ ಕೇಳಿದೆ, ಬಾಯಿ ತುಂಬ ನಕ್ಕಳು. ಹಲ್ಲು ಹಾಲಿನ ಹಾಗಿದ್ದವು. ಅವಳ ಹಿಂದೆಯೇ ಅವಳ ತಮ್ಮ ಬಂದ. ಏಳು ವರ್ಷ, ಮುಂದಿನ ಹಲ್ಲು ಬಿದ್ದು ಹೊಸವು ಬಂದಿದ್ದವು. ಅವನೂ ನಕ್ಕ. ಹೊಸ ಹಲ್ಲಿನ ಮೇಲೆ ಸುಣ್ಣ ಚೆಲ್ಲಿದ ಹಾಗೆ ಮಚ್ಚೆ, ನಡುವೆ ಆಗಲೇ ಕಂದು ಗೆರೆ. ಇವನಿಗೆ ವರ್ಷ ತುಂಬುವಾಗ ಮಾವ ಹಾಸಿಗೆ ಹಿಡಿದಿದ್ದರು. ಒಂದೇ ತಾಯಿ, ಒಂದೇ ಮನೆ, ಒಂದೇ ಮುದ್ದೆ; ನೀರು ಮಾತ್ರ ಎರಡು.

ಸೊಸೆಯ ತೊಡೆಯ ಮೇಲೆ ಮೂರನೆಯ ಕೂಸು ಇತ್ತು, ಎಂಟು ತಿಂಗಳದು. ಅವಳೂ ಇಬ್ಬರ ಬಾಯಿಯನ್ನು ನೋಡುತ್ತಲೇ ಇದ್ದಳು.

"ಅಣ್ಣಾ, ನೀವು ಓದಿದೋರು" ಎಂದಳು. "ನಾಳೆಯಿಂದ ಇದಕ್ಕೆ ಸರಿ ತಿನ್ನಿಸ್ಬೇಕು. ಯಾವ ನೀರಲ್ಲಿ ಕಾಯಿಸ್ಲಿ? ನೀವೇ ಹೇಳ್ರಿ."

"ಅದೇನು ಕೇಳ್ತೀಯಮ್ಮ" ಎಂದರು ಹಿರಿಯರು. "ಸರ್ಕಾರವೇ ಹೇಳೈತೆ. ಆ ಕಾಗದ ಬರೆದೋರೇ ಎದುರಿಗೆ ಕುಂತವ್ರೆ."

ಎಲ್ಲರೂ ನನ್ನ ಕಡೆ ನೋಡಿದರು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಇನ್ನೊಂದು ಸಲ ಪರೀಕ್ಷೆ ಮಾಡಿಸೋಣ ಎಂದಿದ್ದರೂ ಸಾಕಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ.

"ಆ ಕಾಗದದಲ್ಲಿ ನಾನು ಹಲ್ಲಿನ ಮಾತೇ ಬರೆದಿರಲಿಲ್ಲ" ಎಂದೆ. "ಮಾವ ಬರಿ ಅಂದಿದ್ದರು. ನನಗೆ ನಾಚಿಕೆಯಾಗಿ ಬಿಟ್ಟೆ. ಮದರಾಸಿನವರು ನೋಡಿದ್ದು ರೋಗಾಣು ಮಾತ್ರ. ಬರೆದಿದ್ದೇನೆ ಅಂತ ಮಾವನಿಗೆ ಸುಳ್ಳು ಹೇಳಿದೆ."

ಹಿರಿಯರು ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಂಡರು. ಅವರ ಮೊಮ್ಮಕ್ಕಳೂ ಅದೇ ಬೀದಿಯಲ್ಲಿ ಬೆಳೆಯುತ್ತಿದ್ದಾರೆ.

ಮಾತಾಡಿದವರು ಅತ್ತೆ. "ಅವರಿಗೆ ಗೊತ್ತಿತ್ತು ಕಣಪ್ಪ. ಅವತ್ತೇ ನನ್ನ ಹತ್ರ ಅಂದ್ರು, ಹುಡುಗ ಬರೆದಿಲ್ಲ, ಕಣ್ಣು ಕೆಳಗೆ ಹಾಕ್ಕಂಡು ಬರೆದೆ ಅಂದ ಅಂತ. ಹಂಗಾರೆ ಬ್ಯಾರೆಯೋರ ಕೈಲಿ ಬರೆಸ್ರಿ ಅಂದೆ. ಬ್ಯಾಡ, ಓದಿದ ಹುಡುಗ, ಊರಲ್ಲಿ ಅವನ ಮಾತಿಗೆ ಬೆಲೆ ಹೋಯ್ತದೆ, ಅವನೇ ಒಂದು ದಿನ ಬರೀತಾನೆ ಅಂದ್ರು. ನಾನು ಅವರ ಮಾತೂ ನಂಬಲಿಲ್ಲ, ನೀರೂ ಮುಟ್ಟಲಿಲ್ಲ."

ಓಡಾಡುವಷ್ಟು ದಿನ ನನ್ನ ಮನೆಯಲ್ಲಿ ಉಂಡು, ಆಮೇಲೆ ಹಾಸಿಗೆಯಲ್ಲಿ ಮಲಗಿ, ಹತ್ತು ವರ್ಷ ಅವರು ನಾನು ಬರೆಯುತ್ತೇನೆಂದು ಕಾದಿದ್ದರು. ಅದು ನನ್ನ ಮೇಲಿನ ಅಕ್ಕರೆಯೇ? ಅಪ್ಪನ ಬಾವಿ ಕೆಟ್ಟದ್ದೆಂದು ಸರ್ಕಾರದ ಮುದ್ರೆ ಬೀಳುವುದು ಅವರಿಗೂ ಒಳಗೊಳಗೇ ಬೇಡವಾಗಿತ್ತೇ? ಎರಡೂ ಇದ್ದಿರಬಹುದು. ಅವರಿದ್ದರೆ ಎರಡನ್ನೂ ಒಟ್ಟಿಗೆ ತೂಗುಹಾಕಿ ಕಾಯುತ್ತಿದ್ದರು. ನನಗೆ ಕಾಯುವ ಹಕ್ಕಿಲ್ಲ. ಅಲ್ಲಿಯೇ, ಆ ಹುಡುಗನ ಶಾಲೆಯ ಪುಸ್ತಕದಿಂದ ಹಾಳೆ ಕೇಳಿ ಪಡೆದು, ಮದರಾಸಿಗೆ ಬರೆಯತೊಡಗಿದೆ. ಈ ಬಾವಿಯ ನೀರು ಕುಡಿದು ಬೆಳೆದವರಲ್ಲಿ ನಾನೂ ಒಬ್ಬ, ನನ್ನ ಹಲ್ಲಿನ ಬಣ್ಣ ಹೀಗಿದೆ ಎಂಬಲ್ಲಿಂದ.

ಉತ್ತರ ಬರುವ ತನಕ ಕೂಸು ಕಾಯುವುದಿಲ್ಲ. ಸೊಸೆ ಎದ್ದು ಅದನ್ನು ಅತ್ತೆಯ ತೊಡೆಗೆ ಹಾಕಿ, ಒಳಗಿನಿಂದ ಬಿಂದಿಗೆ ತಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲ ಬಾಗಿಲ ಕಡೆ ಹೊರಟಳು.

"ಅತ್ಲಾಗೆ ಯಾಕೆ ಹೋಯ್ತೀಯ?" ಎಂದರು ಅತ್ತೆ, ಕೂಸಿನ ಮುಖದಿಂದ ಕಣ್ಣೆತ್ತದೆ. "ಮುಂಬಾಗಿಲಲ್ಲೇ ಹೋಗು. ಬೀದಿಯೋರೆಲ್ಲ ನೋಡಲಿ."